ಅಂಚಿಗೂ ಬೆರಳಿಗೂ ನಡುವೆ

ಫೆಬ್ರವರಿ 9, ಮಂಗಳವಾರ

ಎಂಟಕ್ಕೆ ಪ್ರಾರ್ಥನಾಲಯದ ಬೀಗ ತೆಗೆದೆ. ಚಳಿ. ಕಾಫಿ ಗ್ಲಾಸು ಕೈಯಲ್ಲೇ ಇತ್ತು, ಅರ್ಧ ಮೆಟ್ಟಿಲ ಮೇಲೆ ಚೆಲ್ಲಿತು. ಸ್ವಲ್ಪ ಹೊತ್ತಿಗೆ ಆ ಹುಡುಗಿ ಬಂದಳು. ಮರ್ಥೆಸ್. ರೋಮಿನಲ್ಲಿ ಓದಿದವಳು, ಹಳೇ ಚಿತ್ರ ರಿಪೇರಿ ಮಾಡುವವಳು. ರಿಪೇರಿ ಅನ್ನಬಾರದಂತೆ. ರೆಸ್ಟೋರೇಶನ್. ಸರಿ ತಾಯಿ. ಹಡಗುಕಟ್ಟೆಯ ಪೇಂಟ್ ಗೋಡೌನಿನಲ್ಲಿ ಗುಮಾಸ್ತನಾಗಿದ್ದವನು ನಾನು. ರಿಟೈರ್ ಆಗೋವರೆಗೆ ಬೂದು ಬಣ್ಣ ಬಿಟ್ಟು ಬೇರೆ ಬಣ್ಣದ ಡಬ್ಬಿ ತೆರೆದು ನೋಡಿದ್ದೇ ಕಡಿಮೆ.

ಚಿತ್ರವನ್ನು ಪೀಠದಿಂದ ಇಳಿಸಿ ಪಕ್ಕದ ಕೋಣೆಯ ಮೇಜಿನ ಮೇಲೆ ಮಲಗಿಸಿದ್ದಾರೆ. ರಕ್ತಸ್ರಾವದ ಹೆಂಗಸು ಗುಂಪಿನೊಳಗೆ ನುಗ್ಗಿ ಯೇಸುವಿನ ನಿಲುವಂಗಿಯ ಅಂಚು ಮುಟ್ಟಿ ವಾಸಿಯಾಗುವ ಚಿತ್ರ. ಮಲಗಿದ್ದರೆ ಏನೋ ಆಸ್ಪತ್ರೆ ಥರ ಕಾಣುತ್ತದೆ.

ಹುಡುಗಿ ಕಡ್ಡಿಗೆ ಹತ್ತಿ ಸುತ್ತಿ, ಬಾಯಲ್ಲಿಟ್ಟು ಒದ್ದೆ ಮಾಡಿ, ಚಿತ್ರ ಉಜ್ಜುತ್ತಾಳೆ. ಉಗುಳು! ನನ್ನ ಅತ್ತಿಗೆ ಫಿಲು — ನನ್ನ ಹೆಂಡತಿ ಚೆಟ್ಟಾಳ ಅಕ್ಕ — ಹೂ ಇಡೋಕೆ ಬಂದವಳು ಕಂಡುಬಿಟ್ಟಳು. ನನ್ನ ತೋಳು ಹಿಡಿದು ಹೊರಗೆ ಎಳೆದಳು.

"ಸ್ಪಿರು, ಆ ಹುಡುಗಿ ಸ್ವಾಮಿ ಮುಖಕ್ಕೆ ಉಗೀತಿದಾಳೆ!"

"ಮುಖಕ್ಕಲ್ಲ ಅತ್ತಿಗೆ. ಹತ್ತಿಗೆ."

"ನಿಂಗೆ ತಮಾಷೆ."

"ಕುರುಡನ ಕಣ್ಣಿಗೆ ಸ್ವಾಮಿನೇ ಉಗುಳು ಹಚ್ಚಿರಲಿಲ್ವಾ? ಸಾಲ ತೀರಿಸ್ತಿದಾಳೆ ಬಿಡು."

ಶಿಲುಬೆಯ ಗುರುತು ಹಾಕಿಕೊಂಡು ಹೋದಳು. ಸಂಜೆಯೊಳಗೆ ನಮ್ಮೂರು ರಹಲ್ ತೀನಿನ ಅಷ್ಟೂ ಹೆಂಗಸರಿಗೆ ಗೊತ್ತಾಗಿರುತ್ತದೆ.

ಚಿತ್ರದ ಮೇಲೆ ಮೊಳೆ ಹೊಡೆದಿದ್ದ ಬೆಳ್ಳಿ ಹರಕೆಗಳನ್ನೆಲ್ಲ ಕಿತ್ತು ಬಿಸ್ಕತ್ತಿನ ಡಬ್ಬಿಗೆ ಹಾಕಿದ್ದಾರೆ. ಬೆಳ್ಳಿ ಮೊಲೆ, ಬೆಳ್ಳಿ ಗರ್ಭ, ಬಟ್ಟೆ ಸುತ್ತಿದ ಬೆಳ್ಳಿ ಕೂಸು. ಚೆಟ್ಟಾಳದ್ದೂ ಅದರಲ್ಲಿದೆ — ಮಂಡಿಯೂರಿದ ಹೆಂಗಸು, ಕೆಳಗೆ ಲ್ಯಾಟಿನ್ನಿನ ನಾಲ್ಕು ಮೊದಲಕ್ಷರ, ಅರ್ಥ: ಹರಕೆ ಹೊತ್ತಳು, ಕೃಪೆ ಪಡೆದಳು. ರಕ್ತ ನಿಂತಾಗ ತಂದು ಹೊಡೆದದ್ದು. ಒಂದು ವರ್ಷ ಕಳೆದು ಕಾಯಿಲೆ ತಿರುಗಿ ಬಂತು. ಅವಳು ಹೋದಳು. ಬೆಳ್ಳಿ ಉಳಿಯಿತು.

ಪಾದ್ರಿ ದುನ್ ವಿಚ್ ಹೇಳಿದರು, "ಸ್ಪಿರು, ಅದನ್ನ ನೀನು ಮನೆಗೆ ತಗೊಂಡೋಗು. ನೆನಪಿಗೆ."

ನೆನಪಿಗೆ ಬೆಳ್ಳಿ ಬೇಕಾ ನನಗೆ? ಹೋದವರ ಬೆಳ್ಳಿ ಗೋಡೆ ಮೇಲಿದ್ದರೆ ಬದುಕಿರುವವರ ನಂಬಿಕೆಗೆ ಮುಜುಗರ, ಅಷ್ಟೇ. ಒಯ್ಯಲ್ಲ ಅಂದೆ. ಅವನ ಹತ್ತಿರ ಕೊಟ್ಟದ್ದು, ಅವನ ಹತ್ತಿರವೇ ಇರಲಿ. ದಿನಾ ಓದಲಿ.

ಫೆಬ್ರವರಿ 12, ಶುಕ್ರವಾರ

ಮೀನಿನ ಸಾರು ಕೆಟ್ಟಿತು. ಕೇಪರ್ ಮೊಗ್ಗು ಹಾಕೋದು ಮರೆತೆ. ಚೆಟ್ಟಾ ಇದ್ದಿದ್ದರೆ ತಟ್ಟೆ ತಳ್ಳುತ್ತಿದ್ದಳು... ಇರಲಿ.

ಊರಿಗೆಲ್ಲ ನಿರಾಸೆ. ಮೇಲಿನ ಮಸಿ ಹೋದರೆ ನೀಲಿ ಆಕಾಶ ಬರುತ್ತದೆ, ಇಬ್ಬರು ದೇವದೂತರಾದರೂ ಬರುತ್ತಾರೆ ಅಂತ ಎಲ್ಲರ ಲೆಕ್ಕ. ಬಾರಿನ ಬೆರ್ತು ಒಂದು ಬಾಟಲಿ ವೈನ್ ಪಂತ ಬೇರೆ ಕಟ್ಟಿದ್ದ. ಅವನೂ ಈ ಪ್ರಾರ್ಥನಾಲಯ ನೋಡಿಕೊಳ್ಳುವ ನಮ್ಮ ಸಹೋದರ ಸಂಘದವನೇ. ಮೆರವಣಿಗೆಯಲ್ಲಿ ನನ್ನ ಹಿಂದೆ ನಿಲ್ಲುತ್ತಾನೆ, ಮೇಣದಬತ್ತಿಯಿಂದ ನನ್ನ ನಿಲುವಂಗಿ ಸುಡುತ್ತಾನೆ.

ಆಕಾಶ ಬರಲಿಲ್ಲ. ಮಸಿ ಹೋದ ಮೇಲೆ ಕತ್ತಲೆ ಇನ್ನೂ ಗಟ್ಟಿಯಾಯಿತು.

"ಇದು ಕೊಳೆ ಅಲ್ಲ ಮಾಮ," ಅಂದಳು ಹುಡುಗಿ. ಈಗ ಮಾಮ ಅನ್ನುತ್ತಾಳೆ. "ಇದು ಅವನೇ ಬಳಿದ ಕತ್ತಲೆ. ಮೊದಲು ಇಡೀ ಬಟ್ಟೆಗೆ ಕಂದು ಬಳಿದಿದಾನೆ. ಆಮೇಲೆ ಅದರೊಳಗಿಂದ ಒಬ್ಬೊಬ್ಬರನ್ನೇ ಬೆಳಕಿಗೆ ಎಳ್ಕೊಂಡಿದಾನೆ."

"ಅಷ್ಟು ಕಡಿಮೆ ಜನರನ್ನ ಯಾಕೆ ಎಳೆದ? ಬಣ್ಣ ಸಾಲಲಿಲ್ವಾ?"

ನಕ್ಕಳು. ಬಗ್ಗಿಸಿ ತೋರಿಸಿದಳು. ಮುಂದೆ ಒಬ್ಬನ ಬೆನ್ನು — ಬರೀ ಬೆನ್ನು — ಬಸ್ಸಿನ ಬಾಗಿಲಲ್ಲಿ ನಿಂತವನ ಹಾಗೆ ಅರ್ಧ ದಾರಿ ಅಡ್ಡಗಟ್ಟಿದೆ. ಯಾರದೋ ಮೊಣಕೈ. ಹೆಂಗಸಿನ ಅಂಗಾಲು ನಮ್ಮ ಕಡೆಗೆ, ಹಿಮ್ಮಡಿ ಒಡೆದು ಕೊಳೆ ತುಂಬಿದೆ. ಎಷ್ಟು ಸಲ ಈ ಚಿತ್ರದ ಮುಂದೆ ಮಂಡಿಯೂರಿದ್ದೇನೋ, ಆ ಕಾಲು ಕಂಡಿರಲೇ ಇಲ್ಲ. ಯೇಸುವಿನ ತಲೆಯ ಸುತ್ತ ಪ್ರಭೆ ಇಲ್ಲ. ಮುಖ ಅರ್ಧ ನೆರಳಲ್ಲಿ, ಹಿಂದಕ್ಕೆ ತಿರುಗುತ್ತಿದೆ. ಬೆಳಕೆಲ್ಲ ಎಡಗಡೆ ಮೇಲಿಂದ ಓರೆಯಾಗಿ ಬಂದು ಬೀಳುವುದು ಆ ಹೆಂಗಸಿನ ಮುಂಗೈ ಮೇಲೆ. ದೇವರ ಮೇಲಲ್ಲ!

"ಯಾರು ಬರೆದದ್ದು?"

"ಗೊತ್ತಿಲ್ಲ. ನೇಪಲ್ಸಿನ ಕಡೆಯವನಿರಬೇಕು. ಆಗ ಬರೋಕ್ ಶೈಲಿ ಅಂದ್ರೆ ಹೀಗೇ ಮಾಮ. ಹಿಂದಿನವರು ಮುಗಿದ ಕಥೆ ಬರೀತಿದ್ರು, ಎಲ್ಲರೂ ಸಾಲಾಗಿ ನೆಟ್ಟಗೆ. ಇವರು ನಡೀತಾ ಇರೋ ಕ್ಷಣದ ಕತ್ತುಪಟ್ಟಿಗೇ ಕೈ ಹಾಕ್ತಾರೆ. ನೋಡೋನು ಒಳಗೆ ಬಿದ್ದುಬಿಡಬೇಕು."

ನಾನು ಬೀಳಲಿಲ್ಲ. ಸೊಂಟ ನೋವು, ಬಗ್ಗಿದ್ದಕ್ಕೆ.

ಫೆಬ್ರವರಿ 20, ಶನಿವಾರ. ಮಧ್ಯಾಹ್ನ

ಮನೆ ಬಾಗಿಲು ಧಡಾರನೆ ಮುಚ್ಚಿ ಬಂದು ಕೂತಿದ್ದೇನೆ. ಸಿಟ್ಟಿಗೆ.

ಬರೆದಿಡಬೇಕು, ಇಲ್ಲದಿದ್ದರೆ ಯಾರಿಗಾದರೂ ಹೊಡೆಯುತ್ತೇನೆ.

ನಮ್ಮೂರ ಹೆಂಗಸರಿಗೆ ಹೊಟ್ಟೆಯ ಕೆಳಗೆ ಏನೇ ಆಗಲಿ — ರಕ್ತ ನಿಲ್ಲದಿದ್ದರೆ, ಬಸಿರು ನಿಲ್ಲದಿದ್ದರೆ — ಪೀಠದ ಸ್ಟೂಲು ಹತ್ತಿ, ಚಿತ್ರದಲ್ಲಿನ ನಿಲುವಂಗಿಯ ಅಂಚಿಗೆ ಕರ್ಚೀಫು ಉಜ್ಜಿ, ಅದನ್ನ ಹೊಟ್ಟೆಗೆ ಕಟ್ಟಿಕೊಳ್ಳುತ್ತಾರೆ. ಅಜ್ಜಿಯರ ಅಜ್ಜಿಯರ ಕಾಲದಿಂದ. ಚೆಟ್ಟಾ ಹತ್ತಿದಾಗ ಸೊಂಟ ಹಿಡಿದುಕೊಂಡಿದ್ದವನು ನಾನೇ. "ಬಿಗಿಯಾಗಿ ಹಿಡ್ಕೊ, ಹಡಗಲ್ಲ ನಾನು" ಅಂದಿದ್ದಳು.

ಅಷ್ಟು ತಲೆಮಾರು ಉಜ್ಜಿದರೆ ಬಣ್ಣ ಉಳಿಯುತ್ತದಾ? ಸವೆದು ಬಟ್ಟೆಯ ನೂಲೇ ಕಂಡಿತ್ತಂತೆ. ನೂರು ವರ್ಷದ ಹಿಂದೆ ನಮ್ಮ ಸಂಘದವನೇ ಯಾರೋ ಒಬ್ಬ ಮಹಾಶಯ ಅಲ್ಲಿಗೆ ಹೊಸ ಬಣ್ಣ ತುಂಬಿದ್ದಾನೆ. ತುಂಬುವಾಗ ಹೆಂಗಸಿನ ಬೆರಳುಗಳನ್ನೂ ಎಳೆದು ಉದ್ದ ಮಾಡಿದ್ದಾನೆ.

ಮರ್ಥೆಸ್ ಇವತ್ತು ಆ ಬಣ್ಣ ತೆಗೆದಳು. ಹತ್ತಿಯಲ್ಲಿ ಕಂದು ಕಂದಾಗಿ ಬೆರಳುಗಳೇ ಎದ್ದು ಬಂದವು. ಅದರ ಕೆಳಗೆ ನಿಜವಾದ ಬೆರಳು. ಸಣ್ಣವು, ಉಗುರು ಕಡಿದವು. ಅಂಚಿಗಿಂತ ಮುಂಚೆಯೇ ನಿಂತುಬಿಟ್ಟಿವೆ.

ಮುಟ್ಟಿಲ್ಲ.

ಎರಡು ಬೆರಳು ಅಗಲದ ಕತ್ತಲೆ ನಡುವೆ.

"ಮತ್ತೆ ಬರಿ," ಅಂದೆ.

"ಆಗಲ್ಲ ಮಾಮ."

"ಯಾಕಾಗಲ್ಲ? ಇಷ್ಟು ದಿನ ಇತ್ತಲ್ಲ?"

"ಇಷ್ಟು ದಿನ ಸುಳ್ಳಿತ್ತು."

"ಇಲ್ಲಿಗೆ ಬಂದ ಹೆಂಗಸರೆಲ್ಲ ಸುಳ್ಳಾ? ನನ್ನ ಹೆಂಡತಿ ಸುಳ್ಳಾ?"

ಆ ಹುಡುಗಿ ಕಡ್ಡಿ ಕೆಳಗಿಟ್ಟಳು. ಮೆಲ್ಲಗೆ ಹೇಳಿದಳು, "ಅವರು ಬಂದು ಕೈ ಚಾಚಿದ್ದು ಸುಳ್ಳಲ್ಲ ಮಾಮ. ಬಣ್ಣದ ವಿಷಯ ಹೇಳಿದೆ."

ಬೀಗದ ಕೈ ಮೇಜಿನ ಮೇಲೆ ಎಸೆದು ಬಂದೆ. ನಾನು ಸಂಘದ ಮುಖ್ಯಸ್ಥ — ಬೇರೆ ಯಾರೂ ಒಪ್ಪಲಿಲ್ಲ ಅಂತ ಆದವನು, ಆದರೂ ಮುಖ್ಯಸ್ಥ. ದುಡ್ಡು ನಮ್ಮದು. ಗೋಡೆ ನಮ್ಮದು. ಬೆರಳು ಎಲ್ಲಿಗೆ ಮುಟ್ಟಬೇಕು ಅಂತ ಹೇಳೋಕೆ ರೋಮಿನವರು ಬೇಕಾ?

ಮಾರ್ಚ್ 8, ಮಂಗಳವಾರ

ಇಷ್ಟು ದಿನ ಬರೆಯಲಿಲ್ಲ. ಹೋಗಲೂ ಇಲ್ಲ. ಗಡ್ಡ ಬಿಟ್ಟೆ. ಡಬ್ಬಿ ಮೀನು, ನಿನ್ನೆಯ ಬ್ರೆಡ್ಡು, ಟೊಮೇಟೊ. ಈಸ್ಟರ್ ಮುಂಚಿನ ಉಪವಾಸದ ತಪಸ್ಸುಕಾಲ ಅಂತ ನೆರೆಯವರು ನನ್ನ ಭಕ್ತಿ ಮೆಚ್ಚಿಕೊಂಡರಂತೆ!

ಬೆಳಿಗ್ಗೆ ಮರ್ಥೆಸ್ ಮನೆ ಬಾಗಿಲಿಗೇ ಬಂದಳು. ಬೀಗದ ಕೈ ಹಿಡಿದುಕೊಂಡು.

"ದಿನಾ ಬೆರ್ತು ಬಂದು ಬಾಗಿಲು ತೆಗೀತಾರೆ, ಮಾಮ. ಹನ್ನೊಂದು ಗಂಟೆಗೆ ತೆಗೀತಾರೆ. ವೈನ್ ವಾಸನೆ ಬೇರೆ. ನೀವೇ ಬನ್ನಿ. ಬೈಯೋದಾದ್ರೆ ಅಲ್ಲೇ ಬೈರಿ."

ಹೋದೆ. ಬೈಯೋಕೆಂದೇ ಹೋದದ್ದು. ಚಿತ್ರ ಎತ್ತಿ ಗೋಡೆಗೆ ಒರಗಿಸಿ ನಿಲ್ಲಿಸಿದ್ದಳು. ಅವಳು ಊಟಕ್ಕೆ ಹೊರಗೆ ಹೋದಳು, ನಾನೊಬ್ಬನೇ.

ನಿಂತೇ ಇದ್ದೆ.

ಆಸ್ಪತ್ರೆಯಲ್ಲಿ ಕೊನೆಯ ವಾರ ಚೆಟ್ಟಾಳ ಕೈ ಹೀಗೇ ಹಾಸಿಗೆಯ ಮೇಲೆ ಚಾಚಿರುತ್ತಿತ್ತು. ನನ್ನ ಕಡೆಗಲ್ಲ — ನಾನು ಈ ಕಡೆ ಕೂತಿದ್ದೆ. ಆ ಕಡೆಗೆ. ಅಲ್ಲಿ ಏನಿತ್ತು? ಪರದೆ, ನೀರಿನ ಹೂಜಿ, ಗೋಡೆ. ನೀರು ಕೊಟ್ಟೆ. ಬೇಡ. ಪರದೆ ಸರಿಸಿದೆ. ಬೇಡ. ಕೈ ಮಾತ್ರ ಹಾಗೇ.

ಆಮೇಲೆ ಎಲ್ಲರೂ ಬಂದು ಹೇಳಿದರು, ಅವಳು ಮುಟ್ಟಿದಳು ಸ್ಪಿರು, ಈಗ ದೇವರ ಹತ್ತಿರ ಸುಖವಾಗಿದ್ದಾಳೆ. ಹೇಳಿ, ಮೊಲದ ಸಾರು ಉಂಡು ಹೋದರು. ನಾನು ನೋಡಿದ್ದೆ. ಮುಟ್ಟಿರಲಿಲ್ಲ. ಒಬ್ಬನಿಗೂ ಹೇಳಲಿಲ್ಲ. ಹೇಳಿದರೆ ಯಾರು ನಂಬುತ್ತಿದ್ದರು?

ಈ ನೇಪಲ್ಸಿನವನು ನಂಬುತ್ತಿದ್ದ. ಮುನ್ನೂರು ವರ್ಷದ ಹಿಂದೆಯೇ ನೋಡಿ ಬರೆದಿಟ್ಟಿದ್ದಾನೆ ಬಡ್ಡಿಮಗ. ಅದರ ಮೇಲೆ ನಮ್ಮವರು ಬಣ್ಣ ಬಳಿದರು. ನನ್ನ ಮೇಲೂ ಬಳಿಯೋಕೆ ನೋಡಿದರಲ್ಲ, ಹಾಗೆ.

ಇನ್ನೊಂದು. ಯೇಸುವಿನ ಮುಖ. ಬೆರಳು ಮುಟ್ಟಿದ್ದಕ್ಕೆ ತಿರುಗಿದ್ದಾನೆ ಅಂತ ಇಷ್ಟು ದಿನ ಅಂದುಕೊಂಡಿದ್ದೆವು. ಈಗ ಮುಟ್ಟಿಯೇ ಇಲ್ಲ — ಆದರೂ ತಿರುಗಿದ್ದಾನೆ. ಅಂದರೆ ಗೊತ್ತಿತ್ತು. ಹಿಂದೆ ಕೈ ಚಾಚಿದ್ದಾಳೆ ಅಂತ ಗೊತ್ತಿತ್ತು. ಗೊತ್ತಿದ್ದೂ ಒಂದು ಹೆಜ್ಜೆ ಹಿಂದಿಡಲಿಲ್ಲ.

ಸರಿ. ಈ ತಕರಾರು ಹೀಗೇ ಇರಲಿ. ಪೀಠದ ಮೇಲೆ. ಎಲ್ಲರ ಎದುರಿಗೆ.

ಮರ್ಥೆಸ್ ಬಂದ ಮೇಲೆ ಹೇಳಿದೆ, "ಒಂದು ಚುಕ್ಕಿನೂ ಸೇರಿಸಬೇಡ."

"ನಾನು ಸೇರಿಸ್ತೀನಿ ಅಂತ ಯಾವಾಗ ಹೇಳಿದೆ ಮಾಮ?"

ಗಡ್ಡ ತೆಗೆದೆ.

ಮಾರ್ಚ್ 11, ಶುಕ್ರವಾರ

ಕಮಿಟಿ ಮೀಟಿಂಗ್. ಬೆರ್ತುವಿನ ಬಾರಿನ ಹಿಂದಿನ ಕೋಣೆ. ಎಲ್ಲರೂ ಚಿತ್ರ ನೋಡಿ ಬಂದಿದ್ದರು. ಕೂತ ಕೂಡಲೇ ಗದ್ದಲ.

ದುನ್ ವಿಚ್ ಬುದ್ಧಿವಂತರು. ಗದ್ದಲ ಮುಗಿಯೋವರೆಗೆ ಸುಮ್ಮನಿದ್ದು ಸುವಾರ್ತೆ ತೆಗೆದರು. "ಓದ್ತೀನಿ ಕೇಳಿ. ಆಕೆ ಮುಟ್ಟಿದಳು. ತಕ್ಷಣ ರಕ್ತ ನಿಂತಿತು. ಆಮೇಲೆ ಸ್ವಾಮಿ ಕೇಳಿದರು, ಯಾರು ನನ್ನನ್ನು ಮುಟ್ಟಿದ್ದು ಅಂತ. ಮೊದಲು ಮುಟ್ಟಿದ್ದು, ಆಮೇಲೆ ತಿರುಗಿದ್ದು. ಈ ಚಿತ್ರಗಾರ ತಿರುಗುಮುರುಗು ಮಾಡಿದಾನೆ. ನಮ್ಮ ಹಿರಿಯರು ಅದನ್ನ ಸರಿ ಮಾಡಿದ್ರು. ತಪ್ಪು ಯಾರದು?"

ಎಲ್ಲರೂ ತಲೆಯಾಡಿಸಿದರು. ಅವರು ಓದಿದ್ದು ನಿಜವೇ.

ಎದ್ದು ನಿಂತೆ. "ನಾಟ್‌ವಿತ್‌ಸ್ಟ್ಯಾಂಡಿಂಗ್!" ಅಂದೆ.

ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ವಾದಕ್ಕೆ ನಿಂತಾಗಲೆಲ್ಲ ಈ ಪದ ಹೇಳುತ್ತಿದ್ದರು. ಎರಡು ವರ್ಷ ಓದಿದ್ದರಲ್ಲಿ ಉಳಿದದ್ದು ಇಂಥವು ನಾಲ್ಕೈದು. ಅರ್ಥ ಈಗ ಸರಿಯಾಗಿ ನೆನಪಿಲ್ಲ. ಆದರೆ ಜಗಳಕ್ಕೆ ಒಳ್ಳೆ ಪದ, ಬಾಗಿಲು ಬಡಿದ ಹಾಗೆ ಕೇಳಿಸುತ್ತದೆ.

"ಅಂದ್ರೆ?" ಅಂದ ಬೆರ್ತು.

"ಅಂದ್ರೆ, ಸುವಾರ್ತೆಯಲ್ಲಿ ಮುಟ್ಟಿದವಳ ಕಥೆ ಇದೆ. ಆ ದಿನ ಆ ಗುಂಪಲ್ಲಿ ಇನ್ನೆಷ್ಟು ಜನ ಕೈ ಚಾಚಿದ್ರು? ಅವರ ಕಥೆ ಎಲ್ಲಿದೆ? ಅವರಿಗೆ ಒಂದು ಚಿತ್ರನೂ ಬೇಡವಾ?"

"ಚಿತ್ರ ಇರೋದು ಆಸೆ ಹುಟ್ಟಿಸೋಕೆ ಸ್ಪಿರು," ಅಂದರು ದುನ್ ವಿಚ್. ಬೈದಿದ್ದರೆ ಚೆನ್ನಾಗಿತ್ತು, ಕನಿಕರದಿಂದ ಹೇಳಿದರು. "ಕಸಿದುಕೊಳ್ಳೋಕಲ್ಲ."

ಬೆರ್ತು ಮಧ್ಯೆ ಬಾಯಿ ಹಾಕಿದ. "ಹುಡುಗಿಗೆ ಎರಡು ಬೆರಳು ಬಣ್ಣ ಬಳಿಯೋಕೆ ಇಷ್ಟು ಬಿಂಕಾನಾ? ನಮ್ಮ ಸಿದೊರ್ ಇಲ್ವಾ? ಹಬ್ಬಕ್ಕೆ ಬ್ಯಾಂಡ್ ಕ್ಲಬ್ಬಿನ ಬಾವುಟ ಬರೆಯೋದು ಅವನೇ. ಕಳೆದ ಸಲ ಸಂತ ಪೌಲನಿಗೆ ಎಷ್ಟು ಚೆನ್ನಾಗಿ ಗಡ್ಡ ಬರೆದಿದ್ದ!"

"ಆ ಗಡ್ಡ ನೋಡಿ ಮಕ್ಕಳು ಅತ್ತವು."

"ಭಕ್ತಿಗೆ ಅತ್ತವು."

ಈಸ್ಟರ್ ಆದ ಮೇಲೆ ಓಟು ಅಂತ ನಿರ್ಧಾರ. ನಮ್ಮ ಸಂಘದಲ್ಲಿ ಓಟೆಂದರೆ ಕಾಳು. ಕಡಲೆ ಹಾಕಿದರೆ ಹೌದು, ಅವರೆ ಹಾಕಿದರೆ ಇಲ್ಲ. ಗಂಡಸರು ಮಾತ್ರ.

ಮಾರ್ಚ್ 16, ಬುಧವಾರ

ಫಿಲು ಮಗಳನ್ನು ಪ್ರಾರ್ಥನಾಲಯಕ್ಕೆ ಕರೆದುಕೊಂಡು ಬಂದಳು. ಗ್ರೇಸ್. ನಮ್ಮ ಮಡಿಲಲ್ಲೇ ಬೆಳೆದ ಹುಡುಗಿ, ನಮಗೆ ಮಕ್ಕಳಿರಲಿಲ್ಲವಲ್ಲ. ಅವಳಿಗೆ ಮೂರು ಬಸಿರು ಇಳಿದಿವೆ. ಈಗ ಮತ್ತೆ ಎರಡು ತಿಂಗಳು. ಮುಖ ಮೇಣದ ಹಾಗೆ. ರಾತ್ರಿಯೆಲ್ಲ ನಿದ್ದೆಯಿಲ್ಲವಂತೆ, ಅಳುತ್ತಾಳಂತೆ.

ಫಿಲು ಬಾಗಿಲಲ್ಲೇ ಶುರು ಮಾಡಿದಳು. "ಊರೆಲ್ಲ ಹೇಳ್ತಿದೆ, ಸ್ಪಿರು ಅಡ್ಡ ನಿಂತಿದಾನೆ ಅಂತ. ನಿನ್ನವಳು ಉಳೀಲಿಲ್ಲ ಅಂತ ಉಳಿದವರ ಕೈಗೂ ಅಡ್ಡ ಹಾಕ್ತೀಯಾ?"

ಆ ಮಾತು ನೇರ ಎದೆಗೆ ಬಂತು. ಇನ್ಯಾರಾದರೂ ಹೇಳಿದ್ದರೆ... ಅವಳು ಹೇಳಬಹುದು. ಅವಳ ತಂಗಿ.

"ಯಾರ ಕೈಗೂ ಅಡ್ಡ ಹಾಕಿಲ್ಲ ಅತ್ತಿಗೆ. ಅಗೋ ಅಲ್ಲಿದೆ. ಮುಟ್ಟಿಸು."

ಮರ್ಥೆಸ್ ಗಾಬರಿಯಾದಳು. "ಮಾಮ, ವಾರ್ನಿಶ್ ಇನ್ನೂ ಹಸಿ—" ಆಮೇಲೆ ಗ್ರೇಸಳ ಮುಖ ನೋಡಿ ಪಕ್ಕಕ್ಕೆ ಸರಿದಳು.

ಗ್ರೇಸ್ ಕರ್ಚೀಫು ತೆಗೆದಳು. ಕೈ ಚಾಚಿದಳು. ಚಿತ್ರದ ಕೈಯ ಪಕ್ಕದಲ್ಲೇ ಅವಳ ಕೈ. ಕಿಟಕಿಯ ಬೆಳಕು ಎರಡರ ಮೇಲೂ. ಅಲ್ಲೇ ನಿಂತಿತು.

"ಮುಟ್ಟೇ," ಅಂದಳು ಫಿಲು.

"ತಾಳಮ್ಮ."

"ಏನು ತಾಳೋದು?"

"ನೋಡಮ್ಮ. ಇವಳಿನ್ನೂ ಮುಟ್ಟೇ ಇಲ್ಲ. ಅವನಾಗಲೇ ತಿರುಗಿದಾನೆ."

ಗ್ರೇಸ್ ಕೈ ಹಿಂದಕ್ಕೆ ತೆಗೆದುಕೊಂಡಳು. ಕರ್ಚೀಫು ಮಡಿಸಿ ಜೇಬಿಗೆ ಹಾಕಿಕೊಂಡಳು. "ಮುಟ್ಟೋವರೆಗೂ ಕಾಯ್ಲಿಲ್ಲ ಅವನು," ಅಂದಳು, ತನಗೇ ಹೇಳಿಕೊಂಡ ಹಾಗೆ. ಮೇಣದ ಮುಖಕ್ಕೆ ಏನೋ ಬಂತು. ನಗು ಅಂತ ಹೇಳಲಾರೆ.

ನಾನು ಬಾಯಿ ತೆರೆದೆ. ಇಲ್ಲಮ್ಮ, ಗೊತ್ತಿದ್ದೂ ಸುಮ್ಮನಿದ್ದ ಅನ್ನೋದೇ ಇದರ ಅರ್ಥ ಅಂತ ಹೇಳೋಣ ಅಂತ. ಹೇಳಲಿಲ್ಲ. ನಾನು ಯಾರು? ಅದೇ ಎರಡು ಬೆರಳಿನ ಜಾಗ. ನನಗೆ ಅಲ್ಲಿ ತಕರಾರು ಕಾಣಿಸಿತು, ಅವಳಿಗೆ ಇನ್ನೇನೋ. ತುಂಬಿಬಿಟ್ಟರೆ ಇಬ್ಬರಿಗೂ ಇಲ್ಲ.

ಫಿಲು ಮಾತ್ರ ಸಿಡಿದಳು. "ಹುಚ್ಚರ ಸಂತೆ! ಮುಟ್ಟದೆ ವಾಸಿ ಆಗೋದಾದ್ರೆ ಮನೇಲೇ ಕೂತಿರಬಹುದಿತ್ತು!" ಮಗಳ ಕೈ ಹಿಡಿದು ದರದರ ಎಳೆದುಕೊಂಡು ಹೋದಳು.

ಮಾರ್ಚ್ 20, ಭಾನುವಾರ

ಪೂಜೆ ಆದ ಮೇಲೆ ದುನ್ ವಿಚ್ ಮನೆಗೇ ಬಂದರು. ಚೀಸ್ ಪೇಸ್ಟ್ರಿ ತಂದಿದ್ದರು, ಬಿಸಿ. ತಪಸ್ಸುಕಾಲದಲ್ಲಿ ಪಾದ್ರಿ ಪೇಸ್ಟ್ರಿ ತಂದರೆಂದರೆ ಏನೋ ಇದೆ.

"ಸ್ಪಿರು, ನಾನು ಯೋಚನೆ ಮಾಡಿದೆ. ಬಣ್ಣ ಬಳಿಯೋದು ಬೇಡ ಅಂತ ನೀನು ಹಠ ಹಿಡಿದ್ರೆ ಬೇಡ. ಬೆಳ್ಳಿ ಹರಕೆಗಳನ್ನ ಮತ್ತೆ ಮೇಲೆ ಹಾಕ್ತೀವಲ್ಲ? ಆ ಜಾಗಕ್ಕೆ ಒಂದು ಬೆಳ್ಳಿ ಬಂದ್ರೆ ಸಾಕು. ಖಾಲಿ ಕಾಣಲ್ಲ. ಯಾರದ್ದು ಅಂತ ಯೋಚಿಸಿದೆ. ಚೆಟ್ಟಾದು. ಮಧ್ಯದಲ್ಲಿ. ಎಲ್ಲರಿಗಿಂತ ಮೇಲಿನ ಮರ್ಯಾದೆ."

ಕಚ್ಚಿದ ಪೇಸ್ಟ್ರಿ ತಟ್ಟೆಗೆ ವಾಪಸು ಇಟ್ಟೆ.

ಎಂಥ ಮನುಷ್ಯ! ಅವಳ ಬೆಳ್ಳಿಯನ್ನೇ ತಂದು ಅವಳು ಮುಟ್ಟದ ಆ ಸಂದನ್ನು ಮುಚ್ಚೋದು. ಒಂದು ಕ್ಷಣ — ಬರೆದುಬಿಡುತ್ತೇನೆ, ಯಾರೂ ಓದುವುದಿಲ್ಲ — ಒಂದು ಕ್ಷಣ ಮನಸ್ಸು ಹೋಯಿತು. ಊರ ಪೀಠದ ನಡುವೆ ಅವಳ ಹೆಸರು. ಮೆರವಣಿಗೆ ದಿನ ಎಲ್ಲರ ಕಣ್ಣು.

"ಆ ಬೆಳ್ಳಿ ಮೇಲಿನ ಅಕ್ಷರ ಓದಿದೀರಾ ದುನ್ ವಿಚ್?"

"ಕೃಪೆ ಪಡೆದಳು."

"ಅದು ನಿಜ. ಒಂದು ವರ್ಷ ನಿಜವಾಗಿತ್ತು. ಸಮುದ್ರದಲ್ಲಿ ಈಜಿದಳು, ಫಿಲು ಜೊತೆ ಜಗಳ ಆಡಿದಳು, ಅಲಂಕಾರಕ್ಕೆ ಅಂತ ಕೆಂಪು ಶೂ ಕೊಂಡಳು. ಯಾರೂ ಅದನ್ನ ಸುಳ್ಳು ಅನ್ನಬೇಡಿ. ಆಮೇಲಿನದ್ದೂ ನಿಜ. ಈ ನಿಜ ಇಟ್ಟು ಆ ನಿಜ ಮುಚ್ಚಬೇಡಿ. ಬೆಳ್ಳಿ ಎಲ್ಲ ಪಕ್ಕದ ಗೋಡೆಗೆ ಹೋಗಲಿ, ಸಾಲಲ್ಲಿ ಅವಳದ್ದೂ ಒಂದು. ಚಿತ್ರಕ್ಕೆ ಇನ್ನು ಮೊಳೆ ಬೀಳಲ್ಲ."

"ನೀನು ದೇವರ ಮೇಲೆ ಸಿಟ್ಟಾಗಿದೀಯ."

"ಆಗಿದೀನಿ. ದಿನಾ ಬೆಳಿಗ್ಗೆ ಎದ್ದು ಅವನ ಮನೆ ಬೀಗ ತೆಗೀತೀನಿ. ಸಿಟ್ಟಿಲ್ಲದ ಎಷ್ಟು ಜನ ತೆಗೀತಾರೆ?"

ಅವರು ಎದ್ದರು. ಬಾಗಿಲಲ್ಲಿ ತಿರುಗಿ ಹೇಳಿದರು, "ಕಾಳು ಬೀಳಲಿ ಹಾಗಾದ್ರೆ."

ಉಳಿದ ಪೇಸ್ಟ್ರಿ ತಿಂದೆ. ಅದರ ಮೇಲೆ ನನಗೆ ಸಿಟ್ಟಿಲ್ಲ.

ಏಪ್ರಿಲ್ 8, ಶುಕ್ರವಾರ

ಕಾಳು ಬಿತ್ತು. ಚೀಲ ಸುರಿದಾಗ ಮೇಜೆಲ್ಲ ಕಡಲೆ. ನಡುವೆ ಅಲ್ಲೊಂದು ಇಲ್ಲೊಂದು ಅವರೆ. ಒಂದು ನನ್ನದು. ಉಳಿದವು ಯಾರವೋ — ಬೆರ್ತು ನನ್ನ ಕಣ್ಣು ತಪ್ಪಿಸಿದ, ಅವನದೂ ಒಂದಿರಬಹುದಾ? ಇರಲಾರದು.

ತೀರ್ಮಾನ: ಬೆರಳು ಅಂಚಿಗೆ ಮುಟ್ಟಬೇಕು. ಬಣ್ಣದಲ್ಲೇ. ಹದಿನೇಳಕ್ಕೆ, ಭಾನುವಾರ, ಪರದೆ ತೆಗೆಯುವ ಪೂಜೆ. ಹಿಂದಿನ ದಿನ ಬೆಳಿಗ್ಗೆ ಸಿದೊರ್ ಬಂದು ಬರೆಯುತ್ತಾನೆ.

ನಾನು ಕೇಳಿದೆ, "ಸ್ಟೂಲು ಹತ್ತೋರು ಹೆಂಗಸರು. ಕಾಳು ಹಾಕೋರು ನಾವು. ಇದು ಯಾವ ನ್ಯಾಯ?"

"ಹೆಂಗಸರಿಗೆ ಕೊಟ್ಟಿದ್ರೆ ಇನ್ನೂ ಹೀನಾಯವಾಗಿ ಸೋಲ್ತಿದ್ದೆ," ಅಂದ ಯಾರೋ. ನಕ್ಕರು.

ಇರಬಹುದು. ಸೋಲುತ್ತಿದ್ದೆ. ಆ ಸೋಲು ಬೇರೆ.

ಮರ್ಥೆಸ್‌ಗೆ ಹೇಳಿದೆ. ಅವಳು ಕುಂಚಗಳನ್ನು ಒಂದೊಂದೇ ಒರೆಸಿ ಪೆಟ್ಟಿಗೆಗೆ ಹಾಕಿದಳು. "ನನ್ನ ಕೆಲಸ ಮುಗೀತು ಮಾಮ. ನಾನು ಪೊಲೀಸ್ ಅಲ್ಲ. ಕಾವಲು ನಿಲ್ಲೋಕಾಗಲ್ಲ." ಕಣ್ಣು ಕೆಂಪಾಗಿತ್ತು. ವಾರ್ನಿಶ್ ಘಾಟು ಅಂದಳು.

ಚಿತ್ರ ಪೀಠಕ್ಕೆ ಏರಿದೆ. ಮೇಲೆ ಕೆಂಪು ಪರದೆ.

ನಾನೂ ಪೊಲೀಸ್ ಅಲ್ಲ. ಆದರೆ ಬೀಗದ ಕೈ ನನ್ನ ಹತ್ತಿರ ಇದೆ.

ಏಪ್ರಿಲ್ 16, ಶನಿವಾರ. ಬೆಳಿಗ್ಗೆ

ಒಳಗಿದ್ದೇನೆ. ಪ್ರಾರ್ಥನಾಲಯದ ಒಳಗೆ. ಅಗುಳಿ ಹಾಕಿದೆ, ಅದಕ್ಕೆ ಅಡ್ಡ ಒಂದು ಬೆಂಚು. ಬ್ರೆಡ್ಡು, ಆಲಿವ್, ನೀರು, ಸ್ವೆಟರ್, ಈ ಡೈರಿ. ನಾಳೆ ಪೂಜೆಯವರೆಗೆ ಹಿಡಿದರೆ ಸಾಕು. ಊರೆಲ್ಲ ಬಂದ ಮೇಲೆ ತೆಗೆಯುತ್ತೇನೆ, ಪರದೆ ಎಳೆಯುತ್ತೇನೆ. ಒಂದು ಸಲ ಎಲ್ಲ ಹೆಂಗಸರೂ ನೋಡಲಿ. ಆಮೇಲೂ ಬಳಿಯಬೇಕು ಅಂದರೆ ಅವರ ಬಾಯಲ್ಲೇ ಬರಲಿ. ನಾನೇ ಸಿದೊರನಿಗೆ ಏಣಿ ಹಿಡಿಯುತ್ತೇನೆ.

ಒಬ್ಬನೇ ಅಂತ ಬರೆಯೋಣವೆಂದಿದ್ದೆ. ಅಲ್ಲ.

ಬೆಂಚು ಎಳೆಯುವಾಗಲೇ ಫಿಲು ಬಂದಳು. ತಲೆಗೆ ಕಪ್ಪು ಬಟ್ಟೆ, ಕೈಯಲ್ಲಿ ಬುಟ್ಟಿ. ಬೈಯಲು ಬಂದಳು ಅಂದುಕೊಂಡೆ.

"ಸರಿ ಆ ಕಡೆ."

"ಅತ್ತಿಗೆ, ನಾನು ತೆಗೆಯಲ್ಲ—"

"ತೆಗೀ ಅಂತ ಯಾರು ಅಂದ್ರು? ಒಳಗೆ ಬಿಡು, ಆಮೇಲೆ ಹಾಕು."

ಬಂದಳು. ಕೂತಳು. ಉಸಿರು ತೆಗೆದುಕೊಂಡಳು. "ನಿನ್ನ ಚಿತ್ರನೂ ನಂಗೆ ಬೇಡ, ನಿನ್ನ ಸಂದೂ ಬೇಡ. ನಂಗೆ ಮುಟ್ಟಿದ್ರೇ ಸಮಾಧಾನ. ಆದ್ರೆ ಅವತ್ತು ಮನೆಗೆ ಹೋದ ಮೇಲೆ ನನ್ನ ಮಗಳು ಮಲಗಿದಳು ಸ್ಪಿರು. ಅಳದೆ ಮಲಗಿದಳು. ಆವತ್ತಿಂದ ದಿನಾ ನಿದ್ದೆ ಮಾಡ್ತಿದಾಳೆ. ಊಟ ಮಾಡ್ತಿದಾಳೆ. ಏನು ಕಂಡಳೋ ಅಲ್ಲಿ, ನಂಗೆ ಕಾಣಲ್ಲ. ಆದ್ರೆ ಬಾರಿನ ಹಿಂದೆ ಕೂತು ಕಡಲೆ ಎಣಿಸೋ ಗಂಡಸರು ಅದನ್ನ ಮುಚ್ತಾರಾ? ಅವರಪ್ಪನ ಗಂಟಾ?"

"ಮಗು?"

"ಇನ್ನೂ ಇದೆ. ಬಾಯಿ ಮುಚ್ಚು, ದೃಷ್ಟಿ ಹಾಕಬೇಡ."

ಬಾಯಿ ಮುಚ್ಚಿದೆ.

ಹತ್ತಕ್ಕೆ

ಸಿದೊರ್ ಬಂದ. ಬಡಿದ. "ಸ್ಪಿರು ಮಾಮ, ಬಣ್ಣ ಒಣಗ್ತಿದೆ."

"ಒಣಗಲಿ!" ಅಂದಳು ಫಿಲು. ಹೊರಗೆ ಕುಂಚ ಬಿದ್ದ ಸದ್ದು. ಹೆಂಗಸಿನ ಧ್ವನಿ ನಿರೀಕ್ಷಿಸಿರಲಿಲ್ಲ ಅವನು.

ಆಮೇಲೆ ಬೆರ್ತು. "ಫ್ರೆಂಡ್, ತೆಗಿ. ವೈನ್ ತಂದಿದೀನಿ."

"ಕಿಟಕಿಯಿಂದ ಕೊಡು."

"ಕಿಟಕಿ ಎತ್ತರ."

"ಹಾಗಾದ್ರೆ ನೀನೇ ಕುಡಿ."

ಫಿಲು ಬುಟ್ಟಿ ಬಿಚ್ಚಿದ್ದಾಳೆ. ಕೇಪರ್ ಹಾಕಿದ ಮೀನಿನ ಕಡುಬು. ಅರ್ಧ ಮುರಿದು ನನ್ನ ಮಂಡಿ ಮೇಲಿಟ್ಟಳು. ಹೋಗಿ ಪರದೆಯ ಒಂದು ಬದಿ ಎಳೆದಳು — "ಯಾರನ್ನ ಕಾಯ್ತಿದೀನಿ ಅಂತ ನೋಡ್ಬೇಡ್ವಾ?" ಈ ಹೊತ್ತಿನ ಬೆಳಕು ಎಡಗಡೆಯಿಂದಲೇ ಬೀಳುತ್ತಿದೆ. ಆ ಬೆನ್ನು. ಆ ಮೊಣಕೈ. ಕೊಳೆ ಅಂಗಾಲು. ಕೈ. ಬಹಳ ಹೊತ್ತು ನಿಂತು ನೋಡಿದಳು. "ಮುಟ್ಟಿದ್ರೆ ಏನಾಗ್ತಿತ್ತು ಇವನಿಗೆ," ಅಂತ ಗೊಣಗಿದಳು. ನಾನಂದೆ, ಅದನ್ನೇ ಕೇಳ್ತಿದೀನಿ ಅತ್ತಿಗೆ, ಮೂರು ವರ್ಷದಿಂದ. "ಕೇಳು, ಜೋರಾಗಿ ಕೇಳು," ಅಂದಳು. ಬಂದು ಬೆಂಚಿನ ಮೇಲೆ ಕೂತು ಬಾಗಿಲಿಗೆ ಬೆನ್ನು ಕೊಟ್ಟಳು.

ಈಗ ದುನ್ ವಿಚ್. ಬಡಿಯುತ್ತಿಲ್ಲ. ಮೆಲ್ಲಗೆ ಮಾತಾಡುತ್ತಿದ್ದಾರೆ, ಬಾಗಿಲಿಗೆ ಬಾಯಿ ಹಚ್ಚಿ. ಅವರ ಹಿಂದೆ ತುಂಬ ಕಾಲುಗಳ ಸದ್ದು. ಬರೀ ಗಂಡಸರದ್ದಲ್ಲ. ಹೆಂಗಸರೂ ಬರುತ್ತಿದ್ದಾರೆ. ಯಾರ ಕಡೆಗೆ ಅಂತ ಗೊತ್ತಿಲ್ಲ.

"ಸ್ಪಿರು, ಒಳಗೆ ಎಷ್ಟು ಜನ ಇದೀರಿ?"

ಫಿಲು ನನ್ನ ಕಡೆ ನೋಡಿದಳು. ಆಮೇಲೆ ಚಿತ್ರದ ಕಡೆ. ಬೆರಳು ಮಡಚಿ ಒಬ್ಬೊಬ್ಬರನ್ನೇ ಎಣಿಸುತ್ತಿದ್ದಾಳೆ — ಬೆನ್ನಿನವನು, ಮೊಣಕೈಯವನು, ಆ ಹೆಂಗಸು, ಅವನೂ...

"ತುಂಬ ಜನ ಇದೀವಿ ದುನ್ ವಿಚ್!" ಅಂತ ಕೂಗಿದಳು. "ಜಾಗ ಸಾಲ್ತಿಲ್ಲ! ಎಲ್ಲರೂ ಬಾಗಿಲಿಗೇ ಒರಗಿ ನಿಂತಿದೀವಿ!"

ಅಗುಳಿ ಅಲುಗುತ್ತಿದೆ. ಬೆಂಚಿಗೆ ನನ್ನ ಭಾರನೂ ಬೇಕಂತೆ. ಕರೀತಿದ್ದಾಳೆ. ಪೆನ್ನು ಇಟ್ಟು—